ತಿಂಗಳಿಗೆರಡು ಸಲ ಜಲಪಾತಕ್ಕೆ

ಸೆಪ್ಟೆಂಬರ್ 8, ಭಾನುವಾರ

ಮಗಳು ಮೆಚ್ಚಿದ ಹುಡುಗನ ಮನೆಗೆ ಹೋಗಿ ಬಂದೆವು. ಹುಡುಗ ಅವಳ ಜೊತೆಗೇ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಮನೆಯಲ್ಲಿ ಅವನು, ಅವನ ತಾಯಿ, ಇಬ್ಬರೇ. ತಾಯಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದು ಹೋದ ವರ್ಷ ನಿವೃತ್ತರಾದವರು. ಸೀಟಿ ಇನ್ನೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. "ಎಲ್ಲರೂ ಅವರನ್ನ ಸೀಟಿ ಟೀಚರ್ ಅಂತಾರೆ ಅಮ್ಮ, ಬಾಯಿ ತಪ್ಪಿ ಎದುರಿಗೇ ಅಂದ್ಬಿಟ್ಟೀಯ," ಎಂದು ಮಗಳು ಮೊದಲೇ ಎಚ್ಚರಿಸಿದ್ದಳು.

ಕಾಫಿ ಕುಡಿಯುವ ತನಕ ಎಲ್ಲ ಸರಿಯಿತ್ತು. ಆಮೇಲೆ ಟೀಚರ್ ಕೇಳಿದರು: "ರಜಾ ದಿನ ಏನ್ ಮಾಡ್ತೀರಿ ನೀವಿಬ್ರೂ?"

ನಿಜಾಂಶ: ರಜಾ ದಿನ ನಾನು ಮಲಗುತ್ತೇನೆ. ಈ ಮನುಷ್ಯ, ಅಂದರೆ ನನ್ನ ಗಂಡ, ಮನೆಯಲ್ಲಿರುವ ಏನನ್ನಾದರೂ ಬಿಚ್ಚುತ್ತಾನೆ.

ಈ ಮನುಷ್ಯ ಹೇಳಿದ್ದು: "ವಾಕಿಂಗು! ಊರಾಚೆ ಜಲಪಾತ ಇದೆಯಲ್ಲ, ತಿಂಗಳಿಗೆ ಎರಡು ಸಲ ಆದ್ರೂ ನಡ್ಕೊಂಡು ಹೋಗ್ತೀವಿ. ಅಲ್ವೇನೇ?"

ನನ್ನ ಬಲಗಾಲು ತಾನಾಗಿಯೇ ಅವರ ಕಾರ್ಪೆಟ್ಟನ್ನು ಒತ್ತಿತು. ಬಹಳ ವರ್ಷಗಳಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದೇನೆ. ನಾನು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಕೈಮೀರಿದರೆ ಒತ್ತುವುದಕ್ಕೆ. ಕಾರ್ಪೆಟ್ಟಿನ ಕೆಳಗೆ ಅಂಥದ್ದೇನೂ ಇರಲಿಲ್ಲ. ಗಾಡಿ ಹೋಗಿ ಗುದ್ದಿತು.

"ಅಯ್ಯೋ, ನಮ್ ಥರಾನೇ!" ಎಂದರು ಟೀಚರ್. "ನಾನೂ ದಿನಾ ಬೆಳಿಗ್ಗೆ ನಡೆಯೋಳೇ. ಹಾಗಾದ್ರೆ ನಮ್ಮನ್ನೂ ಕರ್ಕೊಂಡ್ ಹೋಗಿ. ಮುಂದಿನ ತಿಂಗಳು ಮೊದಲನೇ ಭಾನುವಾರ? ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ವಾಪಸ್ ಬಂದ್ರಾಯ್ತು. ದಾರಿ ಹೇಗೂ ನಿಮಗೆ ಗೊತ್ತಲ್ಲ."

"ಕಣ್ ಮುಚ್ಕೊಂಡು ಕರ್ಕೊಂಡ್ ಹೋಗ್ತೀನಿ," ಎಂದ.

ಆ ಜಲಪಾತವನ್ನು ನಾನು ನೋಡಿರುವುದು ಸಿಟಿ ಬಸ್ಸಿನ ಹಿಂಭಾಗದ ಜಾಹೀರಾತಿನಲ್ಲಿ ಮಾತ್ರ.

ಇನ್ನೊಂದು ವಿಷಯವನ್ನೂ ಬರೆದಿಡಬೇಕು. "ನಿಮ್ಮ ಕೆಲಸ?" ಎಂದು ಕೇಳಿದ್ದಕ್ಕೆ "ಸಿನಿಮಾ ಲೈನು" ಎಂದ. ಏಪ್ರಿಲ್ ತನಕ ಅದು ನಿಜ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್. ಏಪ್ರಿಲ್ ಕೊನೆಗೆ ಚಿತ್ರಮಂದಿರ ಮುಚ್ಚಿತು. ಕೆಲಸ ಹೋದದ್ದನ್ನು ಈ ಮನುಷ್ಯ ಹೊರಗಿನ ಒಬ್ಬರಿಗೂ ಹೇಳಿಲ್ಲ. ಟೀಚರ್ ಮುಂದೆ ನಾನೂ ಬಾಯಿ ಬಿಡಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

"ಯಾಕ್ರೀ ಹಾಗಂದ್ರಿ?"

"ಇನ್ನೇನ್ ಅನ್ಬೇಕಿತ್ತು? ನಾನು ಮಿಕ್ಸಿ ಬಿಚ್ತೀನಿ, ನನ್ನ ಹೆಂಡ್ತಿ ಗೊರಕೆ ಹೊಡೀತಾಳೆ ಅಂತಾನಾ?"

ನಾನು ಗೊರಕೆ ಹೊಡೆಯುವುದಿಲ್ಲ.

ಈ ನಾಲ್ಕು ತಿಂಗಳಲ್ಲಿ ಮನೆಯಲ್ಲಿ ಕೆಡದೇ ಇದ್ದ ವಸ್ತುಗಳೆಲ್ಲ ರಿಪೇರಿಯಾಗಿವೆ. ಕರೆಗಂಟೆ ಒಮ್ಮೆ ಒತ್ತಿದರೆ ಎರಡು ಸಲ ಹೊಡೆಯುತ್ತದೆ. ಮಿಕ್ಸಿ ಶಬ್ದ ಮಾಡುತ್ತದೆ, ಅರೆಯುವುದಿಲ್ಲ. ಮಲಗುವ ಕೋಣೆಯ ಫ್ಯಾನು ಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಅಡುಗೆಮನೆಯ ನಲ್ಲಿಯೊಂದು ಉಳಿದಿದೆ. ಅದರ ಮೇಲೂ ಕಣ್ಣಿದೆ.

ಮಗಳು ಸಂಜೆ ಫೋನ್ ಮಾಡಿದಳು. "ಅಮ್ಮ, ಅಪ್ಪನ ಕೆಲಸದ ವಿಷಯ ನಾನು ಅವನಿಗೆ ಹೇಳಿದ್ದೀನಿ, ಅವನಿಗೇನೂ ಬೇಜಾರಿಲ್ಲ. ಆದ್ರೆ ಅವರಮ್ಮನಿಗೆ ಗೊತ್ತಿಲ್ಲ. ಅಪ್ಪನೇ ಹೇಳ್ಬೇಕು. ಬೇರೆಯವರ ಬಾಯಿಂದ ಗೊತ್ತಾದ್ರೆ ಮುಗೀತು. ಚಿಕ್ಕವನಿದ್ದಾಗ ಇವನು ಒಂದು ಸುಳ್ಳು ಹೇಳಿದ್ರೆ ಮೈದಾನ ಎರಡು ಸುತ್ತು ಓಡಿಸ್ತಿದ್ರಂತೆ. ಅಪ್ಪನ್ನ ಎಷ್ಟು ಸುತ್ತು ಓಡಿಸ್ತಾರೋ!"

ಜಲಪಾತದ ದಿನಕ್ಕೆ ಮೊದಲು ಈ ಮನುಷ್ಯ ಬಾಯಿ ಬಿಡಬೇಕು. ಅದಕ್ಕೂ ಮೊದಲು ನಾವು ದಾರಿಯನ್ನಾದರೂ ಕಲಿಯಬೇಕು.

ಸೆಪ್ಟೆಂಬರ್ 12, ಗುರುವಾರ

ಯೋಜನೆ ಸಿದ್ಧವಾಗಿದೆಯಂತೆ. ಫಸ್ಟ್ ಹಾಫ್, ಇಂಟರ್ವಲ್, ಸೆಕೆಂಡ್ ಹಾಫ್.

"ನಡೆಯೋದಕ್ಕೆ ಇಂಟರ್ವಲ್ ಯಾಕ್ರೀ?"

"ಜನ ಸಿನಿಮಾ ಮರೀತಾರೆ ಕಣೇ, ಇಂಟರ್ವಲ್‌ನಲ್ಲಿ ತಿಂದಿದ್ದು ಮರೆಯಲ್ಲ."

ಕೊನೆಯ ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಬೇಕಂತೆ. ನೀರಿನ ಶಬ್ದ ಮೊದಲು ಕೇಳಬೇಕು, ಆಮೇಲೆ ನೀರು ಕಾಣಬೇಕು. "ಮೊದಲು ಸೌಂಡು, ಆಮೇಲೆ ಪಿಕ್ಚರು." ಜಲಪಾತಕ್ಕೆ ಹೋಗುವ ಬಸ್ ಯಾವುದು ಎಂದು ಕೇಳಿದೆ. ಅದನ್ನು ಇನ್ನೂ ನೋಡಿಲ್ಲವಂತೆ.

ಸೆಪ್ಟೆಂಬರ್ 15, ಭಾನುವಾರ

ಅಭ್ಯಾಸಕ್ಕೆ ಹೋದೆವು. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು ನಡೆದೆವು. ಡಾಂಬರು ರಸ್ತೆ ಮುಗಿಯಿತು, ಮಣ್ಣಿನ ದಾರಿ ಬಂತು, ಅದರ ಕೊನೆಗೆ ಮುಳ್ಳುತಂತಿಯ ಬೇಲಿ. ಬೇಲಿಯ ಆಚೆ ದೊಡ್ಡ ಕಾಂಕ್ರೀಟ್ ತೊಟ್ಟಿ. ತೊಟ್ಟಿ ತುಂಬಿ ಅಂಚಿನಿಂದ ನೀರು ಸುರಿಯುತ್ತಿತ್ತು.

ಕಾವಲುಗಾರ ಬಂದು, "ಯಾರು ಬೇಕು?" ಎಂದ.

"ಜಲಪಾತ," ಎಂದೆ.

"ಇದು ಕುಡಿಯೋ ನೀರು ಶುದ್ಧ ಮಾಡೋ ಜಾಗ."

"ಬೀಳ್ತಾ ಇದೆಯಲ್ಲ!" ಎಂದು ಈ ಮನುಷ್ಯ ತೊಟ್ಟಿಯ ಕಡೆ ಕೈ ತೋರಿಸಿದ. ಕಾವಲುಗಾರ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ಬಸ್ ಸ್ಟಾಪಿನಲ್ಲಿ ಎಡಕ್ಕೆ ಹೋಗಬೇಕಾಗಿತ್ತಂತೆ, ನಾವು ಬಲಕ್ಕೆ ಬಂದಿದ್ದೆವು.

ಬಲಕ್ಕೆ ಎಂದವಳು ನಾನು. ಈ ಮನುಷ್ಯ ಅದನ್ನು ಅಲ್ಲಿ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಎತ್ತಿದ, ಎರಡು ಸಲ.

ಎಡಕ್ಕೆ ಹೋಗುವಷ್ಟು ಕಾಲು ಉಳಿದಿರಲಿಲ್ಲ. ಬೇಲಿಯ ಪಕ್ಕದ ಮೋಟುಗೋಡೆಯ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು ವಾಪಸ್ ಬಂದೆವು. ಎಡ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಮೊಟ್ಟೆಗೆ ಉಪ್ಪು ಕಟ್ಟಿಕೊಂಡು ಬರಲು ಈ ಮನುಷ್ಯ ನೆನಪಿಟ್ಟಿದ್ದ. ಅಷ್ಟು ಒಪ್ಪಬೇಕು.

ಸೆಪ್ಟೆಂಬರ್ 18, ಬುಧವಾರ

ಸೀಟಿ ಟೀಚರ್ ಫೋನ್ ಮಾಡಿದ್ದರು.

"ಈ ಭಾನುವಾರ ಹೋಗಿದ್ರಾ?"

"ಹೋಗಿದ್ವಿ."

"ನೀರು ಹೇಗಿತ್ತು?"

"ತುಂಬಾ ಶುದ್ಧವಾಗಿತ್ತು."

ಇದು ಸುಳ್ಳಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಬೆಳಗಿನ ಎರಡನೇ ಕ್ಲಾಸಿನ ಹೆಂಗಸಿಗೆ ಜ್ವರ. ಬೇಗ ಮನೆಗೆ ಬಂದರೆ ಬಾಗಿಲಿಗೆ ಬೀಗ. ಎಲ್ಲೋ ಕೆಲಸ ಕೇಳಲು ಹೋಗಿರಬೇಕು ಅಂದುಕೊಂಡು ಸಂತೋಷಪಟ್ಟೆ. ಮಧ್ಯಾಹ್ನ ಬಂದ. ಪ್ಯಾಂಟಿನ ಮೊಣಕಾಲಿನ ತನಕ ಕೆಸರು, ತಲೆಯಲ್ಲಿ ಒಣಗಿದ ಎಲೆ.

"ಯಾವ ಆಫೀಸ್‌ರೀ ಅದು, ಇಷ್ಟು ಕೆಸರು?"

ಜಲಪಾತಕ್ಕಂತೆ. ಒಬ್ಬನೇ. ಇದು ನಾಲ್ಕನೇ ಸಲವಂತೆ. ಬಸ್ ಸ್ಟಾಪಿನಿಂದ ಎಡಕ್ಕೆ ಹೋದರೆ ನಿಜವಾಗಿಯೂ ಸಿಗುತ್ತದಂತೆ. ಅನ್ನ ತಣ್ಣಗಾಗುವ ತನಕ ಅದರದೇ ಮಾತು. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಎದುರಿನ ಗುಡ್ಡದ ಸಂದಿನಿಂದ ತೂರಿ ಬಂದು ನೀರಿನ ಮೇಲೆ ನೇರ ಬೀಳುತ್ತದಂತೆ. "ನಮ್ಮ ಪ್ರೊಜೆಕ್ಟರ್ ರೂಮಿನ ಕಿಂಡಿಯಿಂದ ಪರದೆ ಮೇಲೆ ಬೆಳಕು ಬಿಟ್ಟ ಹಾಗೇ ಕಣೇ. ಅದಕ್ಕಿಂತ ಹತ್ತು ನಿಮಿಷ ಮುಂಚೆ ಜನ ಅಲ್ಲಿ ಕೂತಿರ್ಬೇಕು. ಟೈಟಲ್ ಮಿಸ್ ಆಗ್ಬಾರ್ದು."

"ಟೀಚರ್ ಹತ್ರ ಟಾಕೀಸಿನ ವಿಷಯ ಹೇಳಿದ್ರಾ?"

"ಹೇಳ್ತೀನಿ."

"ಯಾವಾಗ?"

"ಹೊತ್ತು ನೋಡಿ ಹೇಳ್ಬೇಕು. ಫೋನಲ್ಲಿ ಹೇಳೋದಾ ಅದು?"

ಇದೇ ಮಾತನ್ನು ಕಳೆದ ವಾರವೂ ಹೇಳಿದ್ದ. ಅಡುಗೆಮನೆಯ ನಲ್ಲಿ ತಾನಾಗಿಯೇ ಸೋರಲು ಶುರುವಾಗಿದೆ, ಎರಡು ದಿನವಾಯಿತು. ಈ ಮನುಷ್ಯ ಅದನ್ನು ಗಮನಿಸಿಯೂ ಇಲ್ಲ.

ಸೆಪ್ಟೆಂಬರ್ 29, ಭಾನುವಾರ

ಜಲಪಾತ ನೋಡಿದೆ.

ವಿವರ: ಕೊನೆಯ ಸ್ಟಾಪಿನಿಂದ ಎಡಕ್ಕೆ, ಇಟ್ಟಿಗೆ ಗೂಡಿನ ಪಕ್ಕದ ಕಾಲುದಾರಿ, ಆಮೇಲೆ ಏರು. ಏರಿನ ಮಧ್ಯೆ ಒಂದು ಚಪ್ಪಟೆ ಬಂಡೆ, ಇಂಟರ್ವಲ್ ಅಲ್ಲಿ. ದಾರಿಯುದ್ದಕ್ಕೂ ನಾನು "ನಿಧಾನ, ಎಡಗಡೆ ನೋಡಿ, ಮುಂದೆ ಗುಂಡಿ" ಎನ್ನುತ್ತಿದ್ದೆನಂತೆ. ನನಗೆ ಗೊತ್ತಾಗಿರಲಿಲ್ಲ.

ಕೊನೆಯ ತಿರುವಿನಲ್ಲಿ, "ಕಣ್ ಮುಚ್ಕೋ," ಎಂದರು ಇವರು.

ಪಕ್ಕದ ಸೀಟಿನಲ್ಲಿ ಕೂತು ಜೀವನ ಕಳೆದವರು ಯಾರಾದರೂ ಕಣ್ಣು ಮುಚ್ಚುತ್ತಾರೆಯೇ? ಆಗುವುದಿಲ್ಲ ಎಂದೆ. ಹಾಗಾದರೆ ಮುಂದೆ ಹೋಗುವುದೇ ಬೇಡ ಎಂದು ದಾರಿಗೆ ಅಡ್ಡ ನಿಂತರು. ಹಿಂದೆ ಒಂದು ಶಾಲಾ ಮಕ್ಕಳ ಗುಂಪು ಬಂದು, "ಆಂಟಿ, ಬೇಗ ಮುಚ್ಕೊಳ್ಳಿ, ನಾವ್ ಹೋಗ್ಬೇಕು," ಎಂದು ಗಲಾಟೆ ಮಾಡಿತು. ಮುಚ್ಚಿದೆ. ಮಣಿಕಟ್ಟು ಹಿಡಿದು ಕರೆದುಕೊಂಡು ಹೋದರು. ಒಂದು ಗಾಡಿಗೆ ಇಬ್ಬರು ಚಾಲಕರು ಇರಬಾರದು ಎಂದು ಕಲಿಯುವವರಿಗೆ ನಾನೇ ಹೇಳುವುದರಿಂದ ಸುಮ್ಮನಿದ್ದೆ.

ಶಬ್ದ ಮೊದಲು ಬಂತು, ಆಮೇಲೆ ಮುಖಕ್ಕೆ ತಣ್ಣನೆಯ ತುಂತುರು. ಆಮೇಲೆ "ಬಿಡು" ಎಂದರು. ಬಿಟ್ಟೆ.

ನೀರು ಎತ್ತರದಿಂದ ಬೀಳುತ್ತದೆ. ಬಿಳಿಯಾಗಿದೆ. ಎಷ್ಟು ಹೊತ್ತು ಕೂತಿದ್ದೆವು ಎಂದು ನೋಡಿಕೊಳ್ಳಲಿಲ್ಲ.

ಅಕ್ಟೋಬರ್ 5, ಶನಿವಾರ

ನಾಳೆಯೇ. ಇವರು ಇನ್ನೂ ಹೇಳಿಲ್ಲ.

ಶೂ ಒರೆಸಿ ಬಾಗಿಲ ಬಳಿ ಸಾಲಾಗಿ ಇಟ್ಟಿದ್ದಾರೆ. ಫ್ಲಾಸ್ಕು ತೊಳೆದಿದ್ದಾರೆ. ಟೀಚರಿಗೆ ಯಾವ ಬಂಡೆ, ಹುಡುಗನಿಗೆ ಯಾವ ಬಂಡೆ ಎಂದು ಸೀಟ್ ನಂಬರ್ ಬೇರೆ ಆಗಿದೆ. ಇದನ್ನೆಲ್ಲ ಮಾಡುವಾಗಿನ ಮುಖ ನೋಡಿದರೆ ಕೆಲಸದ ಮಾತು ಎತ್ತಲು ಮನಸ್ಸಾಗುವುದಿಲ್ಲ.

ಅದಕ್ಕೇ ನಾನೇ ಒಂದು ವ್ಯವಸ್ಥೆ ಮಾಡಿದೆ. ಟೀಚರ್ ಏನಾದರೂ ಕೆದಕಿದರೆ "ಇವರಿಗೆ ನೈಟ್ ಶೋ ಡ್ಯೂಟಿ, ಬೆಳಿಗ್ಗೆ ಹೊತ್ತು ಫ್ರೀ" ಎಂದುಬಿಡುವುದು. ಮಗಳಿಗೂ ಫೋನ್ ಮಾಡಿ ಹಾಗೇ ಹೇಳು ಎಂದೆ.

"ನೀನೂ ಶುರು ಮಾಡಿದ್ಯಾ ಅಮ್ಮ?" ಎಂದು ಫೋನ್ ಇಟ್ಟಳು.

ಅಕ್ಟೋಬರ್ 6, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಟೀಚರ್ ಬಸ್ ಸ್ಟಾಪಿಗೆ ನೀಲಿ ಟ್ರ್ಯಾಕ್ ಸೂಟಿನಲ್ಲಿ ಬಂದಿದ್ದರು, ಕೊರಳಲ್ಲಿ ಸೀಟಿ. ಹಿಂದೆ ಹುಡುಗ, ಅವನ ಬೆನ್ನಲ್ಲಿ ಅವರ ಚೀಲವೂ ಸೇರಿ ಎರಡು ಚೀಲ. ಮಗಳೂ ನೇರ ಅಲ್ಲಿಗೇ ಬಂದಿದ್ದಳು. ಸಮತಟ್ಟು ದಾರಿಯಲ್ಲಿ ಟೀಚರ್ ಎಲ್ಲರಿಗಿಂತ ಮುಂದೆ. ಏರು ಶುರುವಾದ ಕೂಡಲೇ ನಿಂತರು.

"ನೋಡಿ, ಎಷ್ಟು ಚೆಂದದ ಪಕ್ಷಿ!"

ನೋಡಿದೆವು. ಕಾಗೆ.

ನಾಲ್ಕು ಹೆಜ್ಜೆ ಹತ್ತಿ ಮತ್ತೆ ನಿಂತರು. ಮತ್ತೊಂದು ಪಕ್ಷಿ. ಅದು ನಮಗೆ ಕಾಣಲಿಲ್ಲ. ಏರು ಕಂಡರೆ ಹೆದರುವ ನನ್ನ ವಿದ್ಯಾರ್ಥಿಗಳು ಹೀಗೇ ಗಾಡಿ ನಿಲ್ಲಿಸಿ ಕನ್ನಡಿ ಸರಿಮಾಡುತ್ತಾರೆ. ಟೀಚರ್ ಕಣ್ಣು ಮರದ ಮೇಲಿತ್ತು, ಕೈ ಸೊಂಟದ ಮೇಲಿತ್ತು, ಮುಖ ಕೆಂಪಾಗಿತ್ತು. ಇಂಟರ್ವಲ್ ಬಂಡೆಯನ್ನು ಕಂಡಾಗ ಅವರಷ್ಟು ಖುಷಿಪಟ್ಟವರು ಯಾರೂ ಇಲ್ಲ. ಮೂರು ಮೊಟ್ಟೆ ತಿಂದರು.

ಕೊನೆಯ ತಿರುವು ಬಂತು. ಇವರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. "ಈಗ ಯಾರೂ ಮಾತಾಡ್ಬೇಡಿ. ಬರೀ ಕಿವಿ ಕೊಡಿ."

ಕಿವಿ ಕೊಟ್ಟೆವು. ಟೀಚರ್ ಏದುಸಿರು ಕೇಳಿಸಿತು. ಬೇರೆ ಏನೂ ಇಲ್ಲ.

ತಿರುವು ದಾಟಿದೆವು. ಬಂಡೆ ಇತ್ತು. ನೀರಿರಲಿಲ್ಲ. ಕಪ್ಪು ಕಲ್ಲಿನ ಮೇಲೆ ಒದ್ದೆ ಗೆರೆಯೊಂದು ಮಿರುಗುತ್ತಿತ್ತು, ಅಷ್ಟೇ. ಕೆಳಗೆ ಗಾಳ ಹಿಡಿದು ಬಂದು ಸುಮ್ಮನೆ ಕೂತಿದ್ದ ಮುದುಕರೊಬ್ಬರು, "ಮೇಲಿನ ಕಟ್ಟೆ ಬಾಗಿಲು ರಿಪೇರಿಯಂತೆ, ನಿನ್ನೆ ನೀರು ನಿಲ್ಲಿಸಿದ್ದಾರೆ. ಎರಡು ದಿನ ಬಿಟ್ಟು ಬನ್ನಿ," ಎಂದರು.

ಇವರ ಮುಖ ನೋಡಲಾಗಲಿಲ್ಲ. ತಿಂಗಳಿಂದ ಈ ಬಂಡೆಯ ಮುಂದೆ ನಿಲ್ಲುವುದಕ್ಕೇ ಬದುಕಿದ್ದರು. ಮಗಳು ನನ್ನ ಕೈ ಹಿಡಿದುಕೊಂಡಳು. "ಪರವಾಗಿಲ್ಲ ಬಿಡಿ ಅಂಕಲ್," ಎಂದ ಹುಡುಗ.

ಆಗ ಇವರು ಹೋಗಿ ಬಂಡೆಗೆ ಬೆನ್ನು ಮಾಡಿ, ನಮ್ಮ ಕಡೆ ತಿರುಗಿ ನಿಂತರು. "ಕೂತ್ಕೊಳ್ಳಿ ಎಲ್ಲಾ. ಟೀಚರ್, ನಿಮ್ಮ ಸೀಟು ಅಲ್ಲಿ, ಆ ಅಗಲದ ಬಂಡೆ."

ಚಿತ್ರಮಂದಿರದಲ್ಲಿ ಮೆಷಿನ್ ಕೈಕೊಟ್ಟಾಗ ತಾನು ಕೆಳಗಿಳಿದು ಬಂದು ಪರದೆಯ ಮುಂದೆ ನಿಂತು ಜನಕ್ಕೆ ಮುಂದಿನ ಕಥೆ ಹೇಳುತ್ತಿದ್ದೆ ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದರು. ಬಡಾಯಿ ಅಂದುಕೊಂಡಿದ್ದೆ.

"ನೀರು ಅಲ್ಲಿಂದ ಹೊರಡುತ್ತೆ, ಆ ಬಾಗಿದ ಮರ ಇದೆಯಲ್ಲ, ಅದರ ಕಾಲ್ಬುಡದಿಂದ. ಹೊರಡುವಾಗ ಎರಡು ಕವಲು. ಎಡಗಡೆದು ಅವಸರದ್ದು, ಧುಮುಕಿಬಿಡುತ್ತೆ. ಬಲಗಡೆದು ಪಕ್ಕಾ ಸೋಮಾರಿ, ಕಲ್ಲು ಕಲ್ಲಿಗೂ ನಿಂತು ಮಾತಾಡ್ಕೊಂಡು ಬರುತ್ತೆ. ಇಲ್ಲಿ, ನನ್ನ ಭುಜದ ಹತ್ರ, ಎರಡೂ ಸೇರುತ್ತೆ. ಸೇರುವಾಗ ಜೋರು ಜಗಳ. ಆ ಜಗಳದ ಹೊಗೆನೇ ನಿಮ್ಮ ಮುಖಕ್ಕೆ ಹೊಡೆಯೋದು."

ಟೀಚರ್ ಮುಖ ಒರೆಸಿಕೊಂಡರು. ಬೆವರೇ ಇರಬೇಕು.

"ಮಂಗಳವಾರ ಹತ್ತು ಗಂಟೆಗೆ ಬಿಸಿಲು ಈ ಅಂಚಿಗೆ ಬಂತು. ಗುರುವಾರ ಮೋಡ, ನೀರಿಗೆ ಬೇರೇನೇ ಬಣ್ಣ, ಹಾಲಿಗೆ ಒಂದ್ ತೊಟ್ಟು ಕಾಫಿ ಬಿದ್ದ ಹಾಗೆ. ಶುಕ್ರವಾರ ಒಂದು ಕಾಮನಬಿಲ್ಲು ಮೂಡ್ತು, ನಾನು ಒಬ್ಬನೇ ನೋಡಿದ್ದು..."

"ಇರಿ ಇರಿ," ಎಂದರು ಟೀಚರ್. "ಮಂಗಳವಾರ, ಗುರುವಾರ, ಶುಕ್ರವಾರ. ವಾರವೆಲ್ಲಾ ಇಲ್ಲೇ ಇರ್ತೀರಾ? ಮತ್ತೆ ಕೆಲಸಕ್ಕೆ ಯಾವಾಗ ಹೋಗ್ತೀರಿ?"

ನೈಟ್ ಶೋ ಡ್ಯೂಟಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಇವರು ನನ್ನ ಕಡೆ ನೋಡಿದರು. ಹೇಳಲಿಲ್ಲ ನಾನು. ಯಾಕೆ ಎಂದು ಗೊತ್ತಿಲ್ಲ. ಬ್ರೆಡ್ಡು ಗಂಟಲಲ್ಲಿ ಸಿಕ್ಕಿದ್ದಿರಬಹುದು.

"ಹೋಗಲ್ಲ ಟೀಚರ್," ಎಂದರು ಇವರು. "ಟಾಕೀಸು ಮುಚ್ಚಿ ಐದು ತಿಂಗಳು ದಾಟ್ತು. ಕೆಲಸ ಇಲ್ಲ ನನಗೆ. ಆವತ್ತೇ ನಿಮ್ಮ ಮನೇಲಿ ಹೇಳ್ಬೇಕಿತ್ತು. ಹೇಳೋಕ್ ಹೋದೆ, ಬಾಯಿಗೆ ಜಲಪಾತ ಅಂತ ಬಂತು. ನಿಜ ಹೇಳ್ಬೇಕು ಅಂದ್ರೆ ಆವತ್ತಿನ ತನಕ ನಾವಿಬ್ರೂ ಇದನ್ನ ನೋಡೇ ಇರ್ಲಿಲ್ಲ."

ಮುದುಕರು ಗಾಳವನ್ನು ಪಕ್ಕಕ್ಕಿಟ್ಟು ನಮ್ಮ ಕಡೆ ತಿರುಗಿ ಕೂತರು.

ಟೀಚರ್ ಸೀಟಿಯನ್ನು ಕೈಗೆ ತೆಗೆದುಕೊಂಡರು. ಮಗಳ ಹಿಡಿತ ಬಿಗಿಯಾಯಿತು. "ಸುಳ್ಳು ಹೇಳಿದೋರಿಗೆ ನಾನು ಏನ್ ಮಾಡಿಸ್ತಿದ್ದೆ ಗೊತ್ತಾ?" ಎಂದರು.

"ಗೊತ್ತು ಟೀಚರ್. ಎರಡು ಸುತ್ತು."

"ಈ ಗುಡ್ಡ ಎಷ್ಟು ಸಲ ಹತ್ತಿದ್ದೀರಿ?"

"ಹತ್ತೋ ಹನ್ನೊಂದೋ."

"ಹಾಗಾದ್ರೆ ನಿಮ್ಮ ಸುತ್ತು ಮುಗಿದು ನಾನೇ ನಿಮಗೆ ಬಾಕಿ." ಸೀಟಿ ಬಿಟ್ಟು ಬಗ್ಗಿ ಶೂ ಬಿಚ್ಚತೊಡಗಿದರು. "ಈಗ ನಂದೂ ಕೇಳಿ. ದಿನಾ ನಡೀತೀನಿ ಅಂದೆನಲ್ಲ? ಗೇಟ್ ತನಕ. ಪೇಪರ್ ತರೋಕೆ."

"ಅಮ್ಮ!" ಎಂದ ಹುಡುಗ.

"ನೀನ್ ಸುಮ್ನಿರು. ಮೂವತ್ತು ವರ್ಷ ಸೀಟಿ ಊದಿದ್ದು ನಾನು, ಓಡಿದ್ದು ಮಕ್ಕಳು. ಮಂಡಿ ಎರಡೂ ಹೋಗಿದೆ. ಇವರು ತಿಂಗಳಿಗೆ ಎರಡು ಸಲ ಅಂದ್ಬಿಟ್ರಲ್ಲ, ನಾನು ಪಿ.ಟಿ. ಟೀಚರ್ ಆಗಿ ಹೇಗೆ ಬಿಟ್ಕೊಡ್ಲಿ? ಆ ಕಾಗೆ ಇಲ್ದಿದ್ರೆ ಮೊದಲನೇ ಏರಲ್ಲೇ ಸತ್ತಿರ್ತಿದ್ದೆ."

ಮೊದಲು ನಕ್ಕವಳು ಮಗಳು. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಗಾಳದ ಮುದುಕರಂತೂ ಕಣ್ಣೊರೆಸಿಕೊಂಡರು.

ಇಳಿಯುವಾಗ ಟೀಚರ್ ಇವರ ತೋಳು ಹಿಡಿದುಕೊಂಡಿದ್ದರು. "ಬೀಗರೇ, ಭಾನುವಾರ ಬೇಡ. ಹಳೇ ವಿದ್ಯಾರ್ಥಿಗಳು ಸಿಗ್ತಾರೆ, ನನ್ನ ಏದುಸಿರು ನೋಡಿ ಊರೆಲ್ಲ ಹೇಳ್ತಾರೆ. ನಿಮಗೆ ವಾರದ ಮಧ್ಯೆ ಬಿಡುವಿದೆಯಲ್ಲ. ಬುಧವಾರ ಕರ್ಕೊಂಡ್ ಬನ್ನಿ, ನೀರೂ ಬಂದಿರತ್ತೆ. ಆದ್ರೆ ನಿಧಾನ."

ಬಸ್ಸಿನಲ್ಲಿ ಇವರು ಟಿಕೆಟ್ ತೆಗೆದುಕೊಂಡು ಬಂದು ನನ್ನ ಪಕ್ಕ ಕೂತರು. ಆಮೇಲೆ, "ಕೇಳಿದ್ಯೇನೇ? ಬಿಡುವಿದೆ ಅಂದ್ರು," ಎಂದರು. ಕೇಳಿಸಿತ್ತು ಎಂದೆ.

ಅಕ್ಟೋಬರ್ 9, ಬುಧವಾರ

ಇವರು ಟೀಚರನ್ನು ಕರೆದುಕೊಂಡು ಹೋಗಿದ್ದರು. ಇವರಿಗಿಂತ ಮೊದಲು ಟೀಚರ್ ಫೋನೇ ಮನೆಗೆ ಬಂತು.

"ನೀರು ಬಂದಿದೆ ಕಣ್ರೀ, ಅಬ್ಬಬ್ಬಾ! ಆದ್ರೆ ಅದಿರ್ಲಿ. ಬೀಗರು ದಾರಿಯುದ್ದಕ್ಕೂ ಒಂದು ಸಿನಿಮಾ ಕಥೆ ಹೇಳಿದ್ರು, ಗುಡ್ಡ ಹತ್ತಿದ್ದೇ ಗೊತ್ತಾಗ್ಲಿಲ್ಲ. ಆ ರೈಲ್ವೆ ಗೇಟ್ ಕಾಯೋ ಹೆಂಗಸಿನ ಕಥೆ. ಬಸ್ ಸ್ಟಾಪಿಗೆ ಬರೋ ಹೊತ್ತಿಗೆ ಇಂಟರ್ವಲ್ ಅಂತ ನಿಲ್ಲಿಸ್ಬಿಟ್ರು. ಮುಂದಿನ ಬುಧವಾರ ಬಾಕಿ ಅಂತೆ. ಅಲ್ಲೀತನಕ ತಡೆಯೋಕಾಗಲ್ಲ, ನಿಮಗೆ ಗೊತ್ತಿರತ್ತಲ್ಲ, ಅವಳು ಆ ಕೊನೇ ರೈಲು ಹತ್ತುತ್ತಾಳಾ ಇಲ್ವಾ?"

ಅಂಥ ಸಿನಿಮಾ ನೋಡಿದ ನೆನಪಿಲ್ಲ ಎಂದೆ.

ಇವರು ಬಂದು ಒಂದು ಚೊಂಬು ನೀರು ಕುಡಿದು ಮುಗಿಸುವ ತನಕ ಕಾದು ಕೇಳಿದೆ. "ಯಾವ ಸಿನಿಮಾರೀ ಅದು?"

"ಅಂಥ ಸಿನಿಮಾ ಇಲ್ಲ ಕಣೇ. ಎರಡನೇ ತಿರುವಲ್ಲಿ ಟೀಚರ್ ಕೂತ್ಬಿಟ್ರು. ಎಬ್ಬಿಸ್ಬೇಕಿತ್ತು, ಶುರು ಮಾಡ್ದೆ."

"ಮತ್ತೆ ಶುರುವಾಯ್ತಾ ನಿಮ್ದು!"

"ಅವರಿಗೂ ಹೇಳ್ದೆ, ಇಳೀವಾಗ, ಇದೆಲ್ಲಾ ನಾನೇ ಕಟ್ತಾ ಇರೋದು ಅಂತ. ನಂಬ್ಲಿಲ್ಲ."

"ಹೇಗಿದ್ದಾಳೆ ಆ ಹೆಂಗಸು?"

"ಒಳ್ಳೆಯವಳು. ಆದ್ರೆ ಯಾರನ್ನೂ ನಂಬಲ್ಲ. ಗೇಟ್ ಹಾಕೋದು, ತೆಗೆಯೋದು, ಎಲ್ಲಾ ಅವಳ ಕೈಲೇ ಇರ್ಬೇಕು. ರೈಲು ಬಂದ್ರೂ ಇಂಡಿಕೇಟರ್ ಹಾಕಿದ್ಯಾ ಅಂತ ನೋಡ್ತಾಳೆ."

ರೈಲಿಗೆ ಇಂಡಿಕೇಟರ್ ಇರುವುದಿಲ್ಲ ಎಂದು ತಿದ್ದಿದೆ. ಕಥೆ ಕಟ್ಟುವವರಿಗೆ ಇಷ್ಟಾದರೂ ಗೊತ್ತಿರಬೇಕು.

"ಕೊನೆಗೆ ಹತ್ತುತ್ತಾಳಾ?"

"ನನಗೇ ಗೊತ್ತಿಲ್ಲ. ಬುಧವಾರ ಏರು ಹತ್ತುವಾಗ ತಿಳಿಯುತ್ತೆ."

ಮುಂದಿನ ಬುಧವಾರ ಬೆಳಿಗ್ಗೆ ಇಬ್ಬರಿಗೆ ರಿವರ್ಸ್ ಕಲಿಸುವುದಿತ್ತು. ಇಬ್ಬರಿಗೂ ಫೋನ್ ಮಾಡಿ ಸಂಜೆ ಬನ್ನಿ ಎಂದೆ. ಟೀಚರ್ ಮಂಡಿಯನ್ನು ಯಾರಾದರೂ ಒಬ್ಬರು ನೋಡಿಕೊಳ್ಳಬೇಕಲ್ಲ.